ನಾ ಅಜ್ಜನ ದನಿ ತಗದಿದ್ದು

...ಅಲ್ಲಲೇ, ನಗಬ್ಯಾಡ್ರಿ, ಮಗ್ಗಕ್ಕ ಖರೇನ ಒಂದ ನಡಿಗಿ ಇರ್ತೈತಿ, ಮನಷ್ಯಾಗ ಇದ್ದಂಗ. ನಮ್ಮ ಬೆಟಗೇರಿ ಓಣ್ಯಾಗ ಹತ್ತ ಮಗ್ಗ ಒಮ್ಮೆಲೆ ಬಡೀತಿದ್ರೂ ನಾ ಕಣ್ಣ ಮುಚ್ಚಿ ಹೇಳ್ತಿದ್ದೆ, ಇದು ಮೂಲಿಮನಿ ಕಾಕಾಂದು, ಇದು ನಮ್ಮಪ್ಪಂದು ಅಂತ. ಅಪ್ಪಂದು ಟಕ್-ಟಕ್, ಸ್ವಲ್ಪ ತಡದು, ಟಕ್. ಆ ತಡದದ್ದರಾಗ ಅಂವ ಮೂಗ ಏರಸ್ತಿದ್ದ. ನಾ ಅದನ್ನ ಮೂಗ ಸಮೇತ ಬಾಯಿಲೆ ಮಾಡಿ ತೋರಿಸಿದ್ರ ನನ್ನ ತಂಗಿ, ನಿಮ್ಮ ಗೌರಕ್ಕ, ತಾಟಿನ ಮುಂದ ಬಿದ್ದ ಬಿದ್ದ ನಗ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಶಾಲಿ ಬಿಟ್ಟಂವಗ ಮತ್ತೇನ ಬರ್ತೈತಿ ಹೇಳ್ರಿ, ಮಂದಿ ದನಿ ತಗಿಯೂದ ಒಂದು. ಮಾಸ್ತರಂದು, ಹಾಲಿನಾಕಿದು, ನಿಮ್ಮವ್ವ, ನಮ್ಮತ್ತಿ, ಶಿಗ್ಲಿಯಿಂದ ಬಂದಾಗೊಮ್ಮೆ ಹೊಸ್ತಿಲದಾಗ ನಿಂತು "ಏನ ವೈನಿ, ಮನಿ ಹಿಂಗ್ಯಾಕ ಇಟ್ಟೀರಿ" ಅಂತಾಳಲ್ಲ, ಅದೂ ಬರ್ತೈತಿ. ಹೋಗಿ ಆಕಿಗೆ ಹೇಳಿದ್ರ ನೋಡ್ರಿ ಮತ್ತ!

ಹಾಂ, ಎಲ್ಲಿದ್ದೆ. ಅಜ್ಜ ತೀರಿ ನಾಕ ತಿಂಗಳಾಗಿತ್ತು. ನಾಕಲ್ಲ, ಐದು, ಯಾಕಂದ್ರ ಬ್ಯಾಸಿಗಿ ಸುರು ಆಗಿತ್ತು. ಒಂದಿನ ಇದ ಕಟ್ಟಿ ಮ್ಯಾಲ ಕುಂತು ಅಪ್ಪನ ಮಗ್ಗ ಅಣಕಸಾಕ ಹೋದೆ, ಬರಲಿಲ್ಲ. ನನಗ ಬರಲಾರದ ದನಿ ಅಂತ ಅದ ಮೊದಲನೇದು. ಯಾಕ ಬರವಲ್ತು ಅಂತ ಕಿವಿಗೊಟ್ಟ ಕೇಳಿದ್ರ, ಮಗ್ಗದ ನಡಿಗೀನ ಬ್ಯಾರೆ ಆಗೇತಿ. ಟಕ್. ಸುಮ್ಮನ... ಸುಮ್ಮನ... ಆಮ್ಯಾಲ ಟಕ್-ಟಕ್-ಟಕ್-ಟಕ್, ಯಾರೋ ಬೆನ್ನ ಹತ್ತಿದಂಗ. ನನಗ ನಗಿ ಬಂತು. ಖರೆ ಹೇಳ್ತೇನಿ, ನಗೀನ ಬಂತು. "ಅಪ್ಪಾ, ನಿನ್ನ ಧಾರವಾಡಕ್ಕ ಒಯ್ಯೂ ಹೊತ್ತ ಬಂತ ನೋಡು" ಅಂದೆ. ಅಲ್ಲೆ ಹುಚ್ಚರ ದವಾಖಾನಿ ಐತೆಲ್ಲ, ನಮ್ಮ ಕಡೆ ತಲಿ ಕೆಟ್ಟೈತಿ ಅನ್ನಾಕ ಹಂಗ ಅಂತಾರ, ಓಣಿ ಹುಡುಗರೆಲ್ಲಾ ದಿನಾ ಅಂತೇವಿ. ಅಪ್ಪ ನಗಲಿಲ್ಲ. ಬೈಲೂ ಇಲ್ಲ. ಲಾಳಿ ಕೈಯಾಗ ಹಿಡಕೊಂಡು ನನ್ನ ನೋಡಿದ, ಆಮ್ಯಾಲ ಹಿತ್ತಲ ಬಾಗಲಾ ನೋಡಿದ.

ಅದ ವಾರ ಅವ್ವ ಮಗ್ಗದ ಮುಂದ ಬಂದಾಕಿ ಹಂಗ ನಿಂತಬಿಟ್ಟಳು. ಸೀರಿ ಅಂದ್ರ ಮೊದಲ ಒಡಲು, ಆಮ್ಯಾಲ ಸೆರಗು, ಸೆರಗ ಮುಗದ ಮ್ಯಾಲ ಸ್ವಲ್ಪ ನೂಲ ಖಾಲಿ ಬಿಟ್ಟು ಮುಂದಿನ ಸೀರಿ. ನಮ್ಮ ಓಣ್ಯಾಗ ಕೂಸಿಗೂ ಗೊತ್ತದು. ಅಪ್ಪ ಸೆರಗ ನೇಯ್ದ ಇರಲಿಲ್ಲ. ಒಡಲು, ಒಡಲು, ಬರೇ ಒಡಲು. ಒಂದ ಸೀರಿ ಅಳತಿ ದಾಟಿ ಎರಡನೇದರ ಅರ್ಧಕ್ಕ ಹೋಗಿದ್ದ. ಮೂವತ್ತ ವರ್ಷ ನೇಯ್ದಂವ, ಹೇಳ್ರಿ.

"ಸೆರಗ ಎಲ್ಲೈತ್ರಿ?" ಅಂದಳು ಅವ್ವ.

"ಮುಗಸಬ್ಯಾಡ ಅಂದಾನ."

"ಯಾರು?"

"ಏನಿಲ್ಲ ಬಿಡು."

ಅವ್ವ ಒಳಗ ಹೋಗಿ ನಿಂಬಿಹಣ್ಣ ತಂದು ಅಪ್ಪಗ ಇಳಿಸಿ ದೃಷ್ಟಿ ತಗದಳು. ಕೊಳ್ಳಾಗ ತಾಯತ ಕಟ್ಟಿದಳು. ಅಪ್ಪ ಕೂಸಿನಂಗ ಕಟ್ಟಿಸಿಕೊಂಡ. ಊಟ ಅರ್ಧ, ನಿದ್ದಿ ಇಲ್ಲ, ತುಟಿ ಮಾತ್ರ ಆಡ್ತಿದ್ವು.

ಇನ್ನ ನಾ ಮಾಡಿದ್ದ ಕೇಳ್ರಿ. ಗಾಬರಿ ಮಾಡಿಸಿದ್ರ ಅಪ್ಪ ಮೊದಲಿನಂಗ ಚಪ್ಪಲಿ ಒಗದು ಬೈತಾನ, ಎಲ್ಲಾ ಸರಿ ಆಗ್ತೈತಿ ಅಂತ ನನ್ನ ಶಾಣ್ಯಾತನ. ಸುಡುಸುಡು ಮಧ್ಯಾಹ್ನ. ನೂಲಿನ ಗಂಟಿನ ಹಿಂದ ಕುಂತೆ, ಬಾಜೂಕ ಗೌರಿ ಬಾಯಿಗೆ ಕೈ ಒತ್ತಿ ನಗಿ ತಡಕೊಂಡಿದ್ದಳು. ಅಜ್ಜನ ಕೆಮ್ಮ ಕೆಮ್ಮಿ, ಅಜ್ಜನ ಕರಕಲ ದನೀಲೆ ಅಪ್ಪನ ಹೆಸರ ಹಿಡದು ಕರದೆ: "ಲೇ ಈರ್ಯಾ... ಬಾರಲೇ ಇಲ್ಲೆ."

ಅಪ್ಪ ಬೆಚ್ಚಿ ಬೀಳಲಿಲ್ಲ. ತಲೀನೂ ಎತ್ತಲಿಲ್ಲ. "ಇರಪಾ, ಬಂದೆ," ಅಂದ. "ಮುಂಜಾನಿಂದ ಎಷ್ಟ ಸಲ ಕರೀತಿ. ಹಿತ್ತಲದಾಗ ನಿಂದ್ರ, ಬರ್ತೇನಿ."

ನಾ ಕರದದ್ದು ಒಂದ ಸಲ.

ಗೌರಿ ನಗಿ ಅಲ್ಲೇ ನಿಂತತು. ಅಪ್ಪ ಲಾಳಿ ಇಟ್ಟು, ಕಾಲ ಇಳಿಬಿಟ್ಟು ಕುಂಡ್ರೂ ಮಗ್ಗದ ಕುಣಿಯಿಂದ ಎದ್ದು ಮ್ಯಾಲ ಬಂದ. ಹಿತ್ತಲದಾಗ ಏನೈತಿ, ನಿಮಗ ಗೊತ್ತೈತೆಲ್ಲ, ಹಳೇ ಬಾವಿ ಒಂದ. ನಾ ಹೆಂಗ ಓಡಿದೆನೋ, ಅಂವಗಿಂತ ಮೊದಲ ಹೋಗಿ ಬಾವಿ ಮುಚ್ಚಿದ ಹಲಗಿ ಮ್ಯಾಲ ಕುಂತೆ. ಅಂವ ಬಂದ, ನಿಂತ. "ನೀ ಯಾಕ ಕುಂತಿಯೋ ಇಲ್ಲೆ, ಬಿಸಲಾಗ?" ಅಂದ, ದಿನದಂಗ, ಪ್ರೀತೀಲೆ. "ಸುಮ್ಮನ" ಅಂದೆ. ಹಂಗ ತಿರಗಿ ಒಳಗ ಹೋದ. ಮಗ್ಗದ ಸಪ್ಪಳ ಮತ್ತ ಬರೂತನಕಾ ನಾ ಹಲಗಿ ಬಿಟ್ಟ ಏಳಲಿಲ್ಲ.

ಅವತ್ತ ಅವ್ವನ ಮುಂದ ಎಲ್ಲಾ ಹೇಳಿದೆ. ಅವ್ವ ಫೋನ ಮಾಡಿ ನಿಮ್ಮವ್ವನ ಕರಸಿದಳು. ನಿಮ್ಮವ್ವ ಬಂದಾಕಿ, ದೇವರ ಕೇಳಾಕ ಹೋಗೂಣು ಅಂದಳು. ಓಣಿ ಆಶಾ ಕಾರ್ಯಕರ್ತಿ ಅಕ್ಕ ಮಾತ್ರ, "ಕೇಳ್ರಿ, ಬ್ಯಾಡನ್ನಂಗಿಲ್ಲ. ಆದರ ಮೊದಲ ಗದಗಿಗೆ ನಡೀರಿ, ದವಾಖಾನ್ಯಾಗ ಮನಸಿನ ಡಾಕ್ಟರು ಅದಾರ. ಇದು ಗಾಳಿ ಅಲ್ರಿ, ಬ್ಯಾನಿ" ಅಂದಳು. ತಾನ ಆಟೋನೂ ತಂದಳು. ಅಪ್ಪ ಕುಣಿಯಾಗ ಇಳದು ಮಗ್ಗದ ಕಂಬ ತೆಕ್ಕಿ ಬಡದ.

"ನಾ ಬರೂದಿಲ್ಲ. ನನ್ನ ಧಾರವಾಡಕ್ಕ ಒಯ್ತೀರಿ."

ನನ್ನ ಮಾತಲೇ ಅದು. ನಾ ಚಾಷ್ಟಿಗೆ ಅಂದದ್ದು.

ಅವ್ವ ಅತ್ತಳು, ಆಟೋದಂವ ಹಾರನ್ ಹೊಡದ, ಅಪ್ಪ ಕೈ ಬಿಡಲಿಲ್ಲ. ಆಗ ನಿಮ್ಮವ್ವ ನನ್ನ ರಟ್ಟಿ ಹಿಡದು ಮೂಲಿಗೆ ಎಳದು, "ಲೇ, ನಿಮ್ಮಜ್ಜನ ದನಿ ತಗೀಲೇ. ಆಟೋ ಹತ್ತ ಮಗನ ಅನ್ನು. ಆ ದನಿ ಮಾತ ಮೀರಂಗಿಲ್ಲ ಅಂವ" ಅಂದಳು. ಹೌದು, ಹತ್ತತಿದ್ದ. ಖಾತ್ರಿ ಹತ್ತತಿದ್ದ. ಕೆಮ್ಮ ಗಂಟಲಿಗೆ ಬಂದಿತ್ತು ನನಗ. ಅಷ್ಟರಾಗ ಅಪ್ಪನ ಮಾರಿ ನೋಡಿದೆ. ಅಂವ ನಮ್ಮನ್ನ ನೋಡ್ತಿರಲಿಲ್ಲ. ಹಿತ್ತಲ ಕಡೆ ಕಿವಿ ಕೊಟ್ಟು ಕುಂತಿದ್ದ, ಯಾರೋ ಇನ್ನೇನ ಹೇಳ್ತಾರ ಅನ್ನೂವಂಗ. ಇವತ್ತ ಅಜ್ಜ ಆಟೋ ಹತ್ತು ಅಂದ್ರ, ನಾಳೆ ಅಜ್ಜ ಅಂದದ್ದೆಲ್ಲಾ ಅಪ್ಪಗ ಖರೇನ ಆಗ್ತೈತಲ್ಲ?

ಕೆಮ್ಮ ನುಂಗಿದೆ. ಕುಣಿಯಾಗ ಇಳದು ಅಪ್ಪನ ಬಾಜೂಕ ಕುಂತೆ.

"ಅಪ್ಪಾ, ಅವತ್ತ ಮಧ್ಯಾಹ್ನ ಕರದಂವ ಅಜ್ಜ ಅಲ್ಲ. ನಾ."

"ಸುಳ್ಳ ಹೇಳಬ್ಯಾಡ."

"ನನ್ನ ಬಾಯಿ ನೋಡು." ಸಾವಕಾಶ, ಅಂವನ ಎದರಿಗೇ ಅಂದೆ, ಲೇ ಈರ್ಯಾ. ಅಪ್ಪ ನೂಲ ಹಿಡದ ಹಿಡದು ಒರಟಾದ ಬೆರಳ ನನ್ನ ಗಂಟಲ ಮ್ಯಾಲ ಇಟ್ಟ. ಮತ್ತೊಮ್ಮೆ ಅನ್ನಾಕ ಹಚ್ಚಿದ.

"ಅದೊಂದ ನೀನು?"

"ಅದೊಂದ ನಾನು."

"ಮತ್ತ ಉಳದದ್ದು?"

"ನನಗ ಕೇಳಸೂದಿಲ್ಲಪಾ. ಗೊತ್ತಿದ್ದವರನ್ನ ಕೇಳೂಣು ನಡಿ."

ಆಮ್ಯಾಲ ಕಂಬ ಬಿಟ್ಟ. "ನೀ ಜೋಡಿ ಬರ್ತೀ?" ಅಂದ.

ಗದಗದಾಗ ಡಾಕ್ಟರಬಾಯಿ ನಮ್ಮನ್ನೆಲ್ಲಾ ಬಿಟ್ಟು ಸೀದಾ ಅಪ್ಪಗ ಕೇಳಿದ್ರು, "ಆ ದನಿ ಏನಂತೈತ್ರಿ?" ಮನ್ಯಾಗ ಅಷ್ಟ ಮಂದಿ ಇದ್ವಿ, ಇದನ್ನ ಒಬ್ಬರೂ ಕೇಳಿರಲಿಲ್ಲ ನೋಡ್ರಿ. ಅಪ್ಪ ಎಲ್ಲಾ ಹೇಳಿದ. ಏನ ಹೇಳಿದ ಅನ್ನೂದು ನಿಮಗ ಬ್ಯಾಡ, ನೀವ ಸಣ್ಣವರು. ನಾನೂ ಸಣ್ಣಂವನ, ಆದರ ಕೇಳೇನಿ. ಕೆಲವು ದಿನ ಅಲ್ಲೇ ಇಟಗೊಂಡ್ರು. ಗುಳಿಗಿ ಕೊಟ್ರು. ನನ್ನಿಂದ ಹಿಂಗಾತೇನ್ರಿ ಅಂತ ಕೇಳಿದ್ರ, "ಇಲ್ಲಪಾ, ನಿನಕಿಂತ ಮೊದಲ ಸುರು ಆಗಿತ್ತು. ಆದರ ಇನ್ನ ಮ್ಯಾಲ ಮಾಡಬ್ಯಾಡ" ಅಂದ್ರು. ಮಳಿಗಾಲದಾಗ ಆರಾಮ ಆತಂತ ಅಪ್ಪ ತಾನ ಗುಳಿಗಿ ಬಿಟ್ಟಿದ್ದ. ಮಗ್ಗದ ಸಪ್ಪಳಾನ ನನಗ ಖಬರ ಕೊಟ್ಟಿತು. ಮತ್ತ ಕರಕೊಂಡ ಹೋದ್ವಿ. ಈಗ ಕರದ್ರೂ ಬಾಳ ದೂರದಿಂದ ಕರದಂಗ ಅಂತಾನ.

ಶ್... ಸುಮ್ಮನಿರ್ರಿ. ಮಗ್ಗ ನಿಂತೈತಿ. ಏ, ಅಳ್ಳಾಡಬ್ಯಾಡ...

...ಹಾಂ. ಮೂಗ ಏರಿಸಿದ. ಟಕ್. ಸೆರಗಿಗೆ ಬಂದಾನ, ಅದಕ್ಕ ತಡಾ.

ಮನ್ಯಾಗ ಯಾರರ ತಮ್ಮಷ್ಟಕ್ಕ ತಾವ ಮಾತಾಡಾಕತ್ತಿದ್ರ ನಗಾಕ ಹೋಗಬ್ಯಾಡ್ರಿ. ಬಾಜೂಕ ಕುಂತು ಏನ ಕೇಳಸ್ತೈತಿ ಅಂತ ಕೇಳ್ರಿ, ಜೋಡೀಲೆ ಡಾಕ್ಟರ ಕಡೆ ಹೋಗ್ರಿ. ಏಳ್ರಿ ಇನ್ನ. ಮುಂದಿನ ಅಂಗಳದಾಗ ಆಡ್ರಿ, ಹಿತ್ತಲಕ್ಕ ಹೋಗಬ್ಯಾಡ್ರಿ.