ಹವಾ ಬದಲಾವಣೆ

ಎದೆರೋಗದ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ದರ್ಜಿಗೆ, ಪಕ್ಕದ ಬೆಂಚಿನಲ್ಲಿದ್ದ ಅತ್ತಿಗೆ-ನಾದಿನಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ನಾದಿನಿಯ ಮಡಿಲಲ್ಲಿ ಮಗು ಒಂದೇ ಸಮನೆ ಕೆಮ್ಮುತ್ತಿತ್ತು.

“ಹೋದ ಸಲ ಡಾಕ್ಟ್ರು ಏನಂದ್ರೇ?”

“ಬರೀ ಔಷಧಿ ಸಾಲದು, ಮಗೂಗೆ ಹವಾ ಬದಲಾವಣೆ ಬೇಕು ಅಂದ್ರು, ಅತ್ತಿಗೆ.”

“ಅಯ್ಯೋ, ನಾವೆಲ್ಲಿಗೇ ಹೋಗೋದು?”

“ಎಲ್ಲಿಗೂ ಹೋಗ್ಲಿಲ್ಲ. ಚರಂಡಿ ಕಡೆ ಕಿಟಕಿ ಮುಚ್ಚಿ, ಕಾರ್ಖಾನೆ ಕಡೇದು ತೆಗೆದ್ವಿ.”

“ಆ ಬಣ್ಣದ ಪುಡಿ ಅರೆಯೋ ಕಾರ್ಖಾನೇನಾ?”

“ಮತ್ತಿನ್ನೇನು? ಮನೇಗಿರೋದೇ ಅವೆರಡು ಕಿಟಕಿ.”

ದರ್ಜಿ ಬಂದ ನಗುವನ್ನು ನುಂಗಿಕೊಂಡ. ಒಳಗಿನಿಂದ ನರ್ಸ್ ಕೂಗಿದಳು. ನಾದಿನಿ ಮಗುವನ್ನು ಹೆಗಲಿಗೇರಿಸಿಕೊಂಡು ಎದ್ದಳು.

“ಏನಾದ್ರೂ ಬದಲಾಯ್ತೇನೇ?” ಅತ್ತಿಗೆ ಹಿಂದೆಯೇ ನಡೆಯುತ್ತ ಕೇಳಿದಳು.

“ಆಯ್ತಲ್ಲ. ಮೊದಲು ಕಫ ಬೆಳ್ಳಗೆ ಬರ್ತಿತ್ತು. ಈಗ ಅವ್ರು ಅವತ್ತು ಯಾವ ಬಣ್ಣ ಅರೀತಾರೋ ಅದೇ ಬರುತ್ತೆ.”