ತಾಯಿ-ಮಕ್ಕಳ ಜಾಗ

ರಾಣೆಬೆನ್ನೂರಿನ ಸೂಪರ್ ಮಾರ್ಕೆಟ್ಟಿನ ಬಾಗಿಲ ಪಕ್ಕ 'ತಾಯಿ-ಮಕ್ಕಳ ವಾಹನಕ್ಕೆ ಮಾತ್ರ' ಎಂಬ ಬೋರ್ಡಿನ ಒಂದೇ ಜಾಗವಿತ್ತು. ಅಲ್ಲೊಂದು ಕಾರು ಆಗಲೇ ನಿಂತಿತ್ತು. ಅದರ ಹಿಂದಿನ ಕಾರಿನಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ನಿರ್ಮಲಾಳಿಗೆ ಮಾತೆಲ್ಲ ಕೇಳುತ್ತಿತ್ತು.

"ಕೂಸು ಎಲ್ಲೈತ್ರಿ?" ಎಂದ ಕಾವಲುಗಾರ.

"ನಾನ ಕೂಸು. ಇಕಿ ನಮ್ಮವ್ವ. ಬೋರ್ಡ್ ಓದಿ ನೋಡು," ಎಂದ ಮುಂದಿನ ಕಾರು ಓಡಿಸುತ್ತಿದ್ದವ, ಪಕ್ಕದಲ್ಲಿ ಕೂತ ಮುದುಕಿಯನ್ನು ತೋರಿಸಿ.

"ಮೀಸಿ ಬಂದ ಕೂಸಿಗಲ್ರಿ ಇದು. ಗಾಡಿ ತಗೀರಿ, ಹಿಂದ ಖರೇ ಕೂಸಿನವರು ನಿಂತಾರ."

"ಅವ್ವಗ ದೂರ ನಡ್ಯಾಕ ಆಗಂಗಿಲ್ಲಪಾ. ಡಾಕ್ಟರು ಇನ್ನ ಮನಿಗೆ ಕರ್ಕೊಂಡು ಹೋಗ್ರಿ, ಬೇಡಿದ್ದು ಕೊಡಸ್ರಿ ಅಂದಾರ. ಒಮ್ಮೆ ಈ ಅಂಗಡಿ ಒಳಗ ಹೋಗಿ ನೋಡಬೇಕಂತ."

ನಿರ್ಮಲಾಳ ಗಂಡ ಹಾರ್ನ್ ಒತ್ತಿದ. 'ಇರಲಿ ಬಿಡ್ರಿ' ಎನ್ನುವ ಮಾತು ಅವಳ ಬಾಯಿತನಕ ಬಂದು ಅಲ್ಲೇ ನಿಂತಿತು.

"ದುರ್ಗೇಶಾ, ಹಿಂದಕ್ಕ ತಗಿ," ಎಂದಳು ಮುದುಕಿ. "ಎಳೀ ಕೂಸು ಬಿಸಿಲಾಗ ಐತಿ."

"ಅಷ್ಟು ದೂರ ನಿಲ್ಲಿಸಿದ್ರ ನಿನಗ ಬರಾಕ ಆಗಂಗಿಲ್ಲಬೇ."

"ಬ್ಯಾಡ, ಮನಿಗೆ ಹೋಗೂಣು. ಒಳಗ ಏನೇನೈತಿ, ದಾರ್ಯಾಗ ನೀನ ಹೇಳು."

ಕಾರು ನಿಧಾನವಾಗಿ ಹಿಂದೆ ಸರಿದು ಹಲಗೇರಿ ರಸ್ತೆಯತ್ತ ಹೊರಳಿತು. ಕಾವಲುಗಾರ ನಿರ್ಮಲಾಳ ಕಡೆ ಕೈ ಬೀಸಿದ.

"ಬರ್ರಿ ಅಕ್ಕಾರ, ಜಾಗಾ ಖಾಲಿ ಆತು."