ಬೆಟ್ಟದೂರಿನಲ್ಲಿ ಎರಡು ಕೋಣೆ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಅಲ್ಲ, ಇದು ನಮ್ಮಕ್ಕನ ನಂಬರ್ ಅಲ್ವಾ?... ಹಾಂ, ಅವಳೇ. ನೀವ್ಯಾರು?... ಪಕ್ಕದ ಮನೆಯವರಾ. ಅಕ್ಕ ಎಲ್ಲಿ?... ಬಟ್ಟೆ ಒಣಹಾಕೋಕೆ ಮೇಲೆ ಹೋಗಿದಾಳಾ. ಸ್ವಲ್ಪ ಕರೀತೀರಾ?... ನಾನಾ? ನಾನು ಅವಳ ತಮ್ಮ... ತಮ್ಮ ರೀ. ಚಿಕ್ಕಪ್ಪನ ಮಗ ಅಲ್ಲ, ಒಡಹುಟ್ಟಿದ ತಮ್ಮ... ಇದಾನೆ ಅಂತಾನೇ ಗೊತ್ತಿರಲಿಲ್ವಾ? ನೀವು ಆ ಮನೆಗೆ ಬಂದು ಎಷ್ಟು ದಿನ ಆಯ್ತು?... ಎರಡು ವರ್ಷ. ಹಾಂ. ಕರೀರಿ, ಕಾಯ್ತೀನಿ."

ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಾದ. ಹಲ್ಲಿನ ಆಸ್ಪತ್ರೆಯೊಂದರ ಹಿಂಬದಿಯ ಕೋಣೆ ಅವನದು. ಮುಂದೆ ಡಾಕ್ಟರು ಹಲ್ಲು ಕೀಳುತ್ತಾರೆ, ಹಿಂದೆ ಇವನು ಹಲ್ಲಿನ ಸೆಟ್ ಕಟ್ಟುತ್ತಾನೆ. ಹದಿನೆಂಟು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ, ಮೇಜಿನ ಮೇಲೆ ಅದೇ ಪ್ಲಾಸ್ಟರಿನ ಬಿಳಿ ಧೂಳು. ಎದುರಿಗೆ ಸ್ಪಿರಿಟ್ ದೀಪ ಉರಿಯುತ್ತಿತ್ತು. ಗುಲಾಬಿ ಮೇಣದ ಒಸಡಿನಲ್ಲಿ ಆರು ಹಲ್ಲು ಕೂತಿದ್ದವು, ಇನ್ನೆಂಟು ಬಾಕಿ. ಹನ್ನೆರಡು ಗಂಟೆಯೊಳಗೆ ಬೆಟ್ಟದೂರಿನ ಲಾಡ್ಜಿನವನಿಗೆ ಉತ್ತರ ಹೇಳಬೇಕಿತ್ತು. ಗಡಿಯಾರ ಆಗಲೇ ಹನ್ನೊಂದೂಕಾಲು ತೋರಿಸುತ್ತಿತ್ತು. ಅವನ ಮನಸ್ಸು ಮಾತ್ರ ಪಕ್ಕದ ಮನೆಯವಳ ಮಾತಿನಲ್ಲೇ ಸಿಕ್ಕಿಬಿದ್ದಿತ್ತು. ಎರಡು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದವಳಿಗೆ ತಾನೊಬ್ಬ ಇದ್ದೇನೆಂಬುದೇ ತಿಳಿದಿಲ್ಲ.

"ಹಾಂ, ಅಕ್ಕಾ, ನಾನು... ನಾನೇ ಕಣಕ್ಕ... ಏನೂ ಆಗಿಲ್ಲ. ಎಲ್ಲರೂ ಚೆನ್ನಾಗಿದೀವಿ. ಏನಾದ್ರೂ ಆದ್ರೆ ಮಾತ್ರ ಫೋನ್ ಮಾಡ್ಬೇಕಾ?... ಸರಿ ಬಿಡು. ಅಲ್ಲ, ನಿಮ್ಮ ಪಕ್ಕದ ಮನೆಯವರಿಗೆ ನಿನಗೊಬ್ಬ ತಮ್ಮ ಇದಾನೆ ಅನ್ನೋದೇ ಗೊತ್ತಿಲ್ವಲ್ಲ... ಹೇಳೋ ಸಂದರ್ಭ ಬರಲಿಲ್ವಾ. ಎರಡು ವರ್ಷದಲ್ಲಿ."

...

"ಅದಿರಲಿ, ಕೇಳು. ಬರೋ ಶನಿವಾರ ಭಾನುವಾರ ಏನೂ ಇಟ್ಕೋಬೇಡ... ಇಟ್ಕೊಳ್ಳೋಕೆ ಏನಿದೆ ಅಂದ್ರೆ? ಎಲ್ಲ ವಾರವೂ ಒಂದೇನಾ? ಈ ಸಲ ಒಂದೇ ಅಲ್ಲ. ದೊಡ್ಡಮ್ಮನ್ನ ಬೆಟ್ಟದೂರಿಗೆ ಕರ್ಕೊಂಡು ಹೋಗೋಣ. ನೀನು, ನಾನು, ದೊಡ್ಡಮ್ಮ. ಇವಳು ಮಕ್ಕಳ ಪರೀಕ್ಷೆ ಅಂತ ಬರಲ್ಲ. ನಾವು ಮೂರೇ ಜನ, ಹಿಂದಿನ ಹಾಗೆ... ಹಲೋ?... ಇದೀಯಾ?... ಯಾಕೆ ಮಾತಾಡ್ತಿಲ್ಲ ಮತ್ತೆ?"

ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ತಾಯಿಯ ಅಕ್ಕನಾದ ದೊಡ್ಡಮ್ಮ ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ಸಾಕಿದಳು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದಳು. ಪುಸ್ತಕದಲ್ಲಿ ಆ ಬೆಟ್ಟದೂರಿನ ಕೋಟೆ ಬಾಗಿಲಿನ ಚಿತ್ರವಿದ್ದ ಪುಟ ಬಂದಾಗ ಅವಳ ದನಿಯೇ ಬೇರೆಯಾಗುತ್ತಿತ್ತಂತೆ. ಮೂವತ್ತೊಂದು ವರ್ಷ ಆ ಪುಟವನ್ನು ಕಲಿಸಿದವಳು ಒಂದು ಸಲವೂ ಆ ಊರನ್ನು ನೋಡಿರಲಿಲ್ಲ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಮಂಚವೇ ಅವಳ ಊರಾಯಿತು. ಅಕ್ಕ ಅಂಚೆ ಕಚೇರಿಯ ಕೌಂಟರಿನ ಕೆಲಸ ಬಿಟ್ಟು ಅವಳ ಜೊತೆ ಉಳಿದಳು. ಈ ಶನಿವಾರಕ್ಕೆ ದೊಡ್ಡಮ್ಮನಿಗೆ ಎಂಬತ್ತು ತುಂಬುತ್ತಿತ್ತು. ಅದಕ್ಕೆಂದೇ ಅವನು ಹದಿನೈದು ದಿನದಿಂದ ಓಡಾಡಿ ಎಲ್ಲವನ್ನೂ ಗೊತ್ತುಮಾಡಿದ್ದ. ಅಕ್ಕ ಹಿಗ್ಗುತ್ತಾಳೆ ಎಂದುಕೊಂಡಿದ್ದ.

"ಮೆಟ್ಟಿಲಾ? ಗೊತ್ತು ಕಣಕ್ಕ, ಊರೆಲ್ಲ ಮೆಟ್ಟಿಲೇ. ಅದಕ್ಕೇ ಲಾಡ್ಜಿನವನನ್ನ ಕೇಳಿದೀನಿ, ಹಿಂದಿನ ರಸ್ತೆಯಿಂದ ಕಾರು ಬಾಗಿಲ ತನಕ ಬರುತ್ತಂತೆ... ಕೆಳಗಿನ ಕೋಣೆನೇ ಹೇಳಿದೀನಿ. ಎರಡು ಕೋಣೆ, ಅಕ್ಕಪಕ್ಕ... ಕಮೋಡ್ ಇದೆ... ಹಿಡ್ಕೊಳ್ಳೋಕೆ ಕಂಬಿ ಇದೆಯಾ ಅಂತ ಕೇಳಿಲ್ಲ. ಕೇಳ್ತೀನಿ... ವೀಲ್‌ಚೇರ್ ನಾನು ತರ್ತೀನಿ, ನಮ್ಮ ಡಾಕ್ಟರು ಕೊಡ್ತೀನಿ ಅಂದಿದಾರೆ... ಕಲ್ಲುಹಾಸಿನ ರಸ್ತೇಲಿ ಕುಲುಕುತ್ತಾ? ಕುಲುಕಿದ್ರೆ ಎತ್ಕೊಂಡು ಹೋಗ್ತೀನಿ. ಚಿಕ್ಕವನಿದ್ದಾಗ ಅವಳು ನನ್ನ ಎತ್ಕೊಂಡು ತಿರುಗಿಲ್ವಾ?"

...

"ಎಷ್ಟು ತೂಕ ಇದಾಳೆ ಅಂತ... ನನಗೆ ಹೇಗೆ ಗೊತ್ತಿರುತ್ತೆ?"

...

"ನೋಡಕ್ಕ, ನಾನು ಏತಿ ಅಂದ್ರೆ ನೀನು ಪ್ರೇತಿ ಅಂತೀಯ. ಹದಿನೈದು ದಿನದಿಂದ ಇದೇ ಕೆಲಸ ನನಗೆ. ಕಾರಿನವನನ್ನ ಹಿಡಿದೆ, ಲಾಡ್ಜಿನವನನ್ನ ಕಾಡಿದೆ. ಹನ್ನೆರಡು ಗಂಟೆ ತನಕ ಕೋಣೆ ಹಿಡಿದಿರ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದಾನೆ ಅವನು. ನೀನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ನಾನು ಅವನಿಗೆ ಏನು ಹೇಳ್ಲಿ? ಬರ್ತೀವಿ ಅನ್ಲಾ, ಇಲ್ಲ ಅನ್ಲಾ?... ಆಮೇಲೆ ಅಂದ್ರೆ ಯಾವಾಗ? ಅವಳಿಗೆ ತೊಂಬತ್ತಾದ ಮೇಲಾ?"

ಕೈಯಲ್ಲಿದ್ದ ಚಿಮಟದ ತುದಿಯಲ್ಲಿ ಏಳನೆಯ ಹಲ್ಲು ಹಾಗೇ ಇತ್ತು. ಅದನ್ನು ಮೇಣಕ್ಕೆ ಕೂರಿಸಹೋಗಿ ಓರೆಯಾಯಿತು. ಕಿತ್ತು ಮತ್ತೆ ಕೂರಿಸಿದ, ಮತ್ತೂ ಓರೆ. ಬಾಗಿಲಲ್ಲಿ ನರ್ಸ್ ತಲೆ ಹಾಕಿ, ಮೇಲ್ದವಡೆಯ ಸೆಟ್ಟಿನವರು ಬಂದು ಕೂತಿದ್ದಾರೆ ಎಂದು ಸನ್ನೆ ಮಾಡಿದಳು.

"ಒಂದ್ನಿಮಿಷ ಅಕ್ಕ... ಇನ್ನೂ ಆಗಿಲ್ಲಮ್ಮ, ಸಂಜೆ ಬರೋಕೆ ಹೇಳು... ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ... ಹಾಂ, ಅಕ್ಕ, ಹೇಳು. ಏನಂದೆ?... ಇಲ್ಲ, ನೀನು ಈಗ ಏನೋ ಗಾದೆ ಹೇಳಿದ್ಯಲ್ಲ... ದೂರದ ಬೆಟ್ಟ ನುಣ್ಣಗೆ. ಯಾರಿಗೆ ಹೇಳಿದ್ದು ಅದು? ಬೆಟ್ಟಕ್ಕಾ, ನನಗಾ?"

...

"ಹಾಂ."

...

"ಹಾಂ... ವರ್ಷಕ್ಕೆ ಎರಡು ಸಲ. ನಿಜ... ಹಣ್ಣು ತಂದಿಟ್ಟು ಒಂದು ಗಂಟೆ ಕೂತು ಎದ್ದು ಬರ್ತೀನಿ. ನಿಜ... ಆದ್ರೆ ಆಗ ಒಂದು ದಿನವೂ ನೀನು ಹೇಳಿಲ್ವಲ್ಲ ಅಕ್ಕ, ಕಷ್ಟ ಆಗ್ತಿದೆ ಅಂತ... ಕಣ್ಣಿಗೆ ಕಾಣಲ್ವಾ ಅಂದ್ರೆ... ಅಕ್ಕಾ, ಕೂಗ್ಬೇಡ, ದೊಡ್ಡಮ್ಮನಿಗೆ ಕೇಳಿಸುತ್ತೆ... ಅಕ್ಕಾ?... ಫೋನ್ ಎಲ್ಲಿ ಎಸೆದೆ?... ಹಲೋ?"

ಅವನಿಗೆ ಸಿಟ್ಟು ಬಂತು. ಅಕ್ಕನ ಮೇಲೆ ಬಂದ ಸಿಟ್ಟು ಅಲ್ಲಿ ನಿಲ್ಲಲು ಜಾಗ ಸಿಗದೆ ತನ್ನ ಕಡೆಗೇ ತಿರುಗಿತು. ಫೋನ್ ಇಡಬೇಕೆಂದುಕೊಂಡ. ಅಷ್ಟರಲ್ಲಿ ಆ ಕಡೆಯಿಂದ ಬಟ್ಟೆ ಸರಿದಾಡಿದ ಸದ್ದು, ಯಾರೋ ಉಸಿರೆಳೆದುಕೊಂಡ ಸದ್ದು ಬಂತು.

"ಅಕ್ಕಾ... ಅಕ್ಕ ಅಲ್ವಾ? ದೊಡ್ಡಮ್ಮಾ, ನೀನಾ?... ಹಾಸಿಗೆ ಮೇಲೆ ಎಸೆದು ಹೋದ್ಲಾ. ಅಡುಗೆಮನೇಲಿ ನಿಂತಿದಾಳಾ... ಅಳ್ತಿದಾಳಾ?... ದೊಡ್ಡಮ್ಮ, ನೀನು ಮಾತಾಡೋದು ಸರಿಯಾಗಿ ತಿಳೀತಿಲ್ಲ. ಸೆಟ್ ಹಾಕ್ಕೊಂಡು ಮಾತಾಡು... ಡಬ್ಬೀಲಿದೆಯಾ? ಯಾಕೆ?... ಕಚ್ಚುತ್ತಾ? ನಾನೇ ಕೈಯಾರೆ ಮಾಡಿಕೊಟ್ಟಿದ್ದಲ್ವಾ ಅದು, ಯಾವಾಗಿಂದ ಕಚ್ತಿದೆ?... ಮೊದಲ ದಿನದಿಂದ. ಆಯ್ತು, ನಿಧಾನವಾಗಿ ಹೇಳು, ಕೇಳಿಸ್ಕೊಳ್ತೀನಿ."

...

"ನೀನು ಬರಲ್ವಾ? ಯಾಕೆ ದೊಡ್ಡಮ್ಮ, ನಿನಗೋಸ್ಕರ ತಾನೇ ಇಷ್ಟೆಲ್ಲ ಮಾಡಿದ್ದು... ಆ ಬಾಗಿಲು ಕಣ್ಣು ಮುಚ್ಚಿದ್ರೂ ಕಾಣುತ್ತಾ. ಕಂಡ್ರೂ ನಿಜವಾಗಿ ನೋಡೋದು ಬೇರೆ ಅಲ್ವಾ... ಎಂಟು ಗಂಟೆ ಕಾರಲ್ಲಿ ಕೂರೋಕೆ ಆಗಲ್ಲ ಅಂತ ನನಗೆ ಯಾರೂ ಹೇಳಲಿಲ್ಲ... ಹಾಂ. ಕೇಳಲಿಲ್ಲ ನಾನು. ಕೇಳಬೇಕಿತ್ತು."

...

"ಏನು ಡಬ್ಬ?... ಶೂ ಡಬ್ಬವಾ? ಯಾರದು?... ಅಕ್ಕನದಾ? ಅಕ್ಕ ಯಾವಾಗ ಶೂ ತಗೊಂಡಿದ್ಲು?... ಅಂಚೆ ಕಚೇರಿಯವರ ಜೊತೆ ಪ್ರವಾಸಕ್ಕೆ. ಅದೇ ಊರಿಗಾ? ಆ ಬೆಟ್ಟದೂರಿಗೇನಾ?... ನನಗೆ ಗೊತ್ತೇ ಇಲ್ಲ... ನಾಳೆ ಹೊರಡಬೇಕು ಅಂದಾಗ ನೀನು ಬಿದ್ದೆ... ನಿನ್ನ ತಪ್ಪೇನಿದೆ ದೊಡ್ಡಮ್ಮ ಅದರಲ್ಲಿ, ಬಚ್ಚಲಲ್ಲಿ ಯಾರು ಬೇಕಾದ್ರೂ ಜಾರ್ತಾರೆ... ಇನ್ನೂ ಬೀರೂನಲ್ಲಿದೆಯಾ. ತುದೀಲಿ ತುರುಕಿದ ಕಾಗದ ಕೂಡ ಹಾಗೇ ಇದೆಯಾ... ನೀನು ನಿದ್ದೆ ಮಾಡ್ತಿದೀಯ ಅಂದ್ಕೊಂಡು ಆಗಾಗ ತೆಗೆದು ನೋಡ್ತಾಳಾ. ಕಾಗದದ ಸದ್ದು ಕೇಳಿಸುತ್ತಾ ನಿನಗೆ."

ಅವನು ಸ್ಟೂಲಿನ ಮೇಲೆ ಹಿಂದಕ್ಕೆ ಒರಗಿದ. ಒರಗಲು ಬೆನ್ನಿಗೆ ಏನೂ ಇಲ್ಲದ್ದರಿಂದ ಗೋಡೆಗೆ ತಲೆ ತಾಗಿತು. ಮೂರು ವರ್ಷದಿಂದ ಅವನು ಅಕ್ಕನ ಮನೆಗೆ ಹೋದಾಗಲೆಲ್ಲ ಆ ಬೀರುವಿನ ಪಕ್ಕದ ಕುರ್ಚಿಯಲ್ಲೇ ಕೂತು ಬಂದಿದ್ದ.

"ಹಾಂ, ಇದೀನಿ ದೊಡ್ಡಮ್ಮ... ಅವಳನ್ನ ಕಳಿಸೋದಾ? ಒಬ್ಬಳನ್ನೇ? ಮತ್ತೆ ನಿನ್ನ ಜೊತೆ... ನಾನಾ? ಎರಡು ದಿನ?... ಅಲ್ಲ, ಇರ್ತೀನಿ, ಇರಲ್ಲ ಅಂತಲ್ಲ. ಆದ್ರೆ ನನಗೆ ಏನೂ ಗೊತ್ತಿಲ್ವಲ್ಲ. ನಿನ್ನ ಸ್ನಾನ, ಅದು, ಇದು... ಹೆಂಗಸರ ಕೆಲಸ ಅಂತ ಅಂದೆನಾ ನಾನು?... ಹಾಂ, ನನಗೂ ನೀನೇ ಎಲ್ಲ ಮಾಡಿದೀಯ. ತೊಳೆದಿದೀಯ, ಒರೆಸಿದೀಯ. ಆಗ ನಿನಗೂ ಏನೂ ಗೊತ್ತಿರಲಿಲ್ವಾ?... ನೀನು ಬಾಗಿಲು ಹಾಕ್ಕೊಂಡು ಅತ್ತಿದ್ದು ನಿನಗಿನ್ನೂ ನೆನಪಿದೆಯಾ. ನನಗೆ ನೆನಪಿಲ್ಲ."

...

"ಆಯ್ತು. ಅವಳಿಗೆ ಫೋನ್ ಕೊಡು."

ಕಮಟು ವಾಸನೆ ಬಂದಾಗ ಅವನು ಎದುರಿಗೆ ನೋಡಿದ. ಮೇಣದ ಒಸಡು ದೀಪಕ್ಕೆ ತೀರ ಹತ್ತಿರವಾಗಿ ಒಂದು ಪಕ್ಕ ಕರಗಿತ್ತು. ಮೂರು ಹಲ್ಲು ಸಾಲು ಬಿಟ್ಟು ಜಾರಿ ಮೇಜಿನ ಮೇಲೆ ಬಿದ್ದಿದ್ದವು. ಬೆಳಗಿನಿಂದ ಮಾಡಿದ ಕೆಲಸ. ಬೇರೆ ದಿನವಾಗಿದ್ದರೆ ಬಾಯಿಗೆ ಬಂದದ್ದು ಬೈದುಕೊಳ್ಳುತ್ತಿದ್ದ. ಈಗ ದೀಪ ಆರಿಸಿ, ಬಿದ್ದ ಹಲ್ಲುಗಳನ್ನು ಒಂದು ಪಕ್ಕಕ್ಕೆ ಸರಿಸಿದ.

"ಅಕ್ಕಾ... ಇಡಬೇಡ, ಕೇಳು... ಜಗಳಕ್ಕಲ್ಲ. ನೀನು ಹೋಗು... ಬೆಟ್ಟದೂರಿಗೆ. ನೀನೊಬ್ಬಳೇ. ನಾನು ಶುಕ್ರವಾರ ಸಂಜೆ ಅಲ್ಲಿಗೆ ಬಂದಿರ್ತೀನಿ, ದೊಡ್ಡಮ್ಮನ್ನ ನೋಡ್ಕೊಳ್ತೀನಿ... ತಮಾಷೆ ಅಲ್ಲ... ದೊಡ್ಡಮ್ಮ ಹೇಳಿಕೊಟ್ಲು, ನಿಜ. ಆದ್ರೂ ಹೇಳ್ತಿರೋದು ನಾನೇ ತಾನೇ?"

...

"ಆಗಲ್ಲ ಅಂದ್ರೆ ಕಲಿಸು. ಬರ್ಕೊಳ್ತೀನಿ... ಪರೀಕ್ಷೆ ಮಾಡ್ತೀಯಾ? ಮಾಡು."

ಆಸ್ಪತ್ರೆಯ ಚೀಟಿಯೊಂದನ್ನು ಮಗುಚಿ ಪೆನ್ಸಿಲ್ ತೆಗೆದುಕೊಂಡ.

"ಬೆಳಿಗ್ಗೆ ಆರಕ್ಕೆ ಬಿಳಿ ಮಾತ್ರೆ, ಏನೂ ತಿನ್ನೋ ಮೊದಲು... ಎಬ್ಬಿಸೋವಾಗ ಎಡಕ್ಕೆ ಹೊರಳಿಸ್ಬೇಕು. ಬಲಕ್ಕೆ ಬೇಡ, ಮುರಿದಿದ್ದು ಬಲಗಡೆ... ಕಂಕುಳಿಗೆ ಕೈ ಕೊಟ್ಟು ಎತ್ತಬಾರದಾ? ಮತ್ತೆ?... ಅವಳು ನನ್ನ ಕುತ್ತಿಗೆ ಹಿಡ್ಕೊಳ್ಳಲಿ, ನಾನು ಸೊಂಟಕ್ಕೆ. ಸರಿ... ಎರಡು ಗಂಟೆಗೊಂದು ಸಲ ಮಗ್ಗಲು ಬದಲಿಸ್ಬೇಕು. ರಾತ್ರಿನೂನಾ? ಮೂರು ವರ್ಷದಿಂದ ನೀನು ರಾತ್ರಿ ಪೂರ್ತಿ... ಇಲ್ಲ, ಬರೀತಿದೀನಿ. ಮುಂದೆ ಹೇಳು... ಬೆನ್ನಿಗೆ ಪೌಡರ್... ನಿದ್ದೆಗಣ್ಣಲ್ಲಿ ನಿನ್ನನ್ನ ಅಮ್ಮನ ಹೆಸರು ಹಿಡಿದು ಕರೀತಾಳಾ. ಆಗ ಏನನ್ಬೇಕು?... ಸುಮ್ಮನೆ ಹೂಂ ಅನ್ಬೇಕು."

ಚೀಟಿ ತುಂಬಿತು. ಇನ್ನೊಂದು ತೆಗೆದ. ಅದೂ ತುಂಬುತ್ತಾ ಬಂತು. ಅಕ್ಷರ ಸಣ್ಣದಾಗುತ್ತಾ ಹೋಗಿ ಕೊನೆಯ ಸಾಲು ಅವನಿಗೇ ಓದಲು ಬರುವಂತಿರಲಿಲ್ಲ. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

"ಹಾಂ, ಹೆದರಿಕೆ ಆಗ್ತಿದೆ. ಸುಳ್ಳು ಹೇಳಲ್ಲ... ತಪ್ಪು ಮಾಡಿದ್ರೆ ದೊಡ್ಡಮ್ಮ ಬೈತಾಳೆ, ಬೈಸ್ಕೊಳ್ತೀನಿ. ಪಕ್ಕದ ಮನೆಯವರನ್ನ ಕರೀತೀನಿ, ಹೇಗೂ ಈಗ ಅವರಿಗೆ ಗೊತ್ತಾಯ್ತಲ್ಲ ನಾನು ಯಾರು ಅಂತ... ನಗ್ತಿದೀಯಾ? ಅಳ್ತಿದೀಯಾ?... ಎರಡೂ ಒಟ್ಟಿಗೆ ಮಾಡಿದ್ರೆ ನನಗೆ ಹೇಗೆ ತಿಳೀಬೇಕು?"

...

"ಇಲ್ಲ, ದೊಡ್ಡಮ್ಮನಿಗೆ ಬೇಜಾರಾಗಲ್ಲ. ಅವಳೇ ಹೇಳಿದ್ದು... ಅಕ್ಕಾ, ಇನ್ನೂ ನೂರು ಕಾರಣ ಹುಡುಕ್ಬಹುದು ನೀನು. ನಾನು ಲಾಡ್ಜಿನವನಿಗೆ ಉತ್ತರ ಹೇಳೋಕೆ ಇನ್ನು ಹತ್ತು ನಿಮಿಷವೂ ಇಲ್ಲ. ಒಂದು ಕೋಣೆ ಸಾಕು, ಒಬ್ಬರು ಬರ್ತಾರೆ ಅಂತ ಹೇಳ್ಲಾ?... ಹೂಂ ಅನ್ನು, ಇಲ್ಲ ಉಹೂಂ ಅನ್ನು. ಸುಮ್ಮನಿರಬೇಡ."

...

"ಅಕ್ಕಾ?"

...

"ಏನು?... ಜೋರಾಗಿ ಹೇಳು, ಕರಕರ ಅಂತಿದೆ ಲೈನು... ಬಸ್ಸಲ್ಲಾ? ಯಾಕೆ, ಕಾರು ಇದೆಯಲ್ಲ... ಬಸ್ಸೇ ಬೇಕಾ. ಸರಿ, ಬಸ್ಸೇ ಆಗಲಿ... ಯಾವ ಕಡೆ ಕೂತ್ರೆ ಬೆಟ್ಟ ಕಾಣುತ್ತೆ ಅಂತಾನಾ?"

ಅವನು ಎದ್ದು ನಿಂತ. ಯಾಕೆ ನಿಂತನೆಂದು ಅವನಿಗೂ ತಿಳಿಯಲಿಲ್ಲ.

"ಎಡಗಡೆ ಕಣಕ್ಕ. ಲಾಡ್ಜಿನವನು ಹೇಳ್ತಿದ್ದ. ಹೋಗೋವಾಗ ಎಡಗಡೆ, ಕಿಟಕಿ ಪಕ್ಕ. ಮೊದಲನೇ ತಿರುವು ದಾಟ್ತಿದ್ದ ಹಾಗೇ ಕೋಟೆ ಗೋಡೆ ಕಾಣೋಕೆ ಶುರುವಾಗುತ್ತಂತೆ, ಆಮೇಲೆ ಊರು ಬರೋ ತನಕ... ಹಲೋ?... ಅಕ್ಕಾ, ಕೇಳಿಸ್ತಿದೆಯಾ? ಎಡಗಡೆ ಅಂದೆ... ಎಡ..."

ಲೈನು ಕಡಿದಿತ್ತು.